ಡರ್ಬಿಗೆ ಹೋಗಿ ಗೊರಸು ನೋಡಿ ಬಂದೆ

ಕುಣಿಗಲ್‌ನಲ್ಲಿ ಹುಟ್ಟಿದವರಿಗೆ ಕುದುರೆ ಹೊಸದಲ್ಲ. ಟಿಪ್ಪು ಕಾಲದಿಂದ ಕುದುರೆ ಸಾಕುತ್ತಾ ಬಂದ ಊರು ನಮ್ಮದು. ಸ್ಕೂಲಿಗೆ ಹೋಗುವ ದಾರಿಯಲ್ಲಿ ಫಾರಂ ಬೇಲಿಗೆ ಆತುಕೊಂಡು ನಿಂತರೆ ತಾಯಿ ಕುದುರೆ ಪಕ್ಕದಲ್ಲೇ ಮರಿ ಓಡುತ್ತಿತ್ತು. ಕಾಲು ಉದ್ದ, ಮೈ ಚಿಕ್ಕದು. ಮರಿ ಸ್ವಲ್ಪ ದೊಡ್ಡದಾಯಿತು ಅನ್ನುವಷ್ಟರಲ್ಲಿ ಒಂದು ದಿನ ಅದು ಅಲ್ಲಿರುತ್ತಿರಲಿಲ್ಲ. ಎಲ್ಲಿ ಹೋಯಿತು ಅಂದರೆ ಅಪ್ಪ "ರೇಸಿಗೆ" ಅನ್ನುತ್ತಿದ್ದರು. ಅಷ್ಟೇ ಉತ್ತರ. ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಲ್ಲೇ ರೇಸ್ ಕೋರ್ಸ್ ಇದ್ದರೂ ನಮ್ಮ ಮನೆಯಿಂದ ಯಾರೂ ಹೋಗುವ ಹಾಗಿರಲಿಲ್ಲ. ಅಪ್ಪನ ಸೋದರಮಾವ ಒಬ್ಬರು ರೇಸಿಗೆ ಹೋಗಿ ಹೋಗಿ ತೋಟ ಮಾರಿಕೊಂಡಿದ್ದರು.

ಹಾಗಾಗಿ ನಾನು ಮೊದಲ ರೇಸ್ ನೋಡಿದ್ದು ನಲವತ್ತೆರಡನೇ ವಯಸ್ಸಿನಲ್ಲಿ, ಮುಂಬೈಯಲ್ಲಿ. ಅದೂ ಇಂಡಿಯನ್ ಡರ್ಬಿ, ದೇಶದ ದೊಡ್ಡ ಕುದುರೆ ರೇಸು.

ಅಕ್ಕ ಭಾವ ಡೊಂಬಿವಲಿಯಲ್ಲಿದ್ದಾರೆ. ನಾನು ಐದು ದಿನ ಇದ್ದೆ. ಮೂರು ದಿನ ಏನಾಯಿತು ಅಂತ ಬರೆಯುವಂಥದ್ದು ಏನಿಲ್ಲ. ಮಾಟುಂಗದಲ್ಲಿ ಇಡ್ಲಿ ತಿಂದೆ, ಅಕ್ಕನ ಜೊತೆ ದಾದರ್ ಮಾರ್ಕೆಟ್ ಸುತ್ತಿದೆ, ಮಧ್ಯಾಹ್ನ ನಿದ್ದೆ ಮಾಡಿದೆ. ಶನಿವಾರ ಬೆಳಗಿನ ಜಾವ ಭಾವ ಎಬ್ಬಿಸಿದರು. "ಡರ್ಬಿ ನಾಳೆ. ಆದ್ರೆ ಕುದುರೆ ನೋಡಬೇಕು ಅಂದ್ರೆ ಇವತ್ತು ಬೆಳಗ್ಗೆ ಹೋಗಬೇಕು. ನಾಳೆ ಬರೀ ಜನ ಕಾಣ್ತಾರೆ" ಅಂದರು.

ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಲೈನಿನ ಸ್ಲೋ ಲೋಕಲ್ ಹಿಡಿದು ಮಹಾಲಕ್ಷ್ಮಿಗೆ ಹೋದೆವು. ಸ್ಟೇಷನ್ನಿನ ಒಂದು ಕಡೆ ಧೋಬಿ ಘಾಟ್. ಇನ್ನೊಂದು ಕಡೆ ನಡೆದರೆ ರೇಸ್ ಕೋರ್ಸ್. ಹಾಗೇ ಮುಂದೆ ಹೋದರೆ ಹಾಜಿ ಅಲಿ ದರ್ಗಾ, ಸಮುದ್ರ. ಮೊದಲು ಬೈಕುಲಾದಲ್ಲಿ ನಡೆಯುತ್ತಿದ್ದ ರೇಸು 1883ರಲ್ಲಿ ಇಲ್ಲಿಗೆ ಬಂತಂತೆ. ಸುಮಾರು 225 ಎಕರೆ. ಮುಂಬೈಯಲ್ಲಿ ಮೂರು ದಿನ ಗೋಡೆ, ಗೋಡೆ, ಗೋಡೆ ನೋಡಿದ ಕಣ್ಣಿಗೆ ಆ ಬಯಲು ನೋಡಿ ಎದೆ ಹಗುರಾಯಿತು. ವಾಕಿಂಗಿಗೆ ಬಂದವರು ಒಳಗೆ ಸುತ್ತು ಹಾಕುತ್ತಿದ್ದರು. ಕಸರತ್ತು ಮುಗಿಸಿದ ಕುದುರೆಗಳು ಸಾಲಾಗಿ ಲಾಯದ ಕಡೆ ಹೋಗುತ್ತಿದ್ದವು. ಮೈಮೇಲೆ ಹಬೆ. ನಾನು ಬೇಲಿಗೆ ಆತುಕೊಂಡೆ. ಕೈ ತಾನಾಗೇ ಹಳೇ ಜಾಗಕ್ಕೆ ಹೋಯಿತು ಅಂತ ಅನಿಸಿತು.

ಹೊರಗೆ ಬಂದು ಒಂದು ಟೀ ಅಂಗಡಿಯಲ್ಲಿ ನಿಂತಿದ್ದೆವು. ಪಕ್ಕದಲ್ಲಿ ಒಬ್ಬ ಮುದುಕರು, ಬಿಳಿ ಗಡ್ಡ, ಫೋನಿನಲ್ಲಿ ಮಾತಾಡುತ್ತಿದ್ದರು. "ನಾಳಿ ಡರ್ಬಿ ಐತಿ, ಹೆಂಗ್ ಬರ್ಲಿ? ಮದುವಿಗಿ ನೀವ ಹೋಗಿ ಬರ್ರಿ." ಮುಂಬೈಯ ಬೀದಿಯಲ್ಲಿ ಆ ಕನ್ನಡ ಕೇಳಿ ನನಗೆ ತಡೆಯಲಾಗಲಿಲ್ಲ. ಫೋನ್ ಇಟ್ಟ ಮೇಲೆ ಮಾತಾಡಿಸಿದೆ.

"ಯಾವೂರ್ರಿ ನಿಮ್ದು?" ಅಂದರು.

"ಕುಣಿಗಲ್ಲು, ಚಾಚಾ."

"ಓಹೋ, ಕುದುರಿ ಊರಿನವ್ರು!" ಅಂತ ನನ್ನ ಕೈ ಹಿಡಿದುಕೊಂಡರು. ಆ ಅಂಗೈ ಮರದ ತೊಗಟೆಯ ಹಾಗಿತ್ತು.

ಅವರು ನಾಲಬಂದರು, ಅಂದರೆ ಕುದುರೆಗೆ ಲಾಳ ಹೊಡೆಯುವವರು. ನಾವು ಲಾಳ ಅನ್ನುವುದನ್ನು ವಿಜಯಪುರದ ಕಡೆ ನಾಲ ಅನ್ನುತ್ತಾರೆ. ಅವರ ಅಪ್ಪ ಅಲ್ಲಿ ಟಾಂಗಾ ಕುದುರೆಗೂ ಎತ್ತಿಗೂ ನಾಲ ಹೊಡೆಯುತ್ತಿದ್ದರು. ಟಾಂಗಾ ಕಡಿಮೆಯಾಗುತ್ತಾ ಬಂದವು. ಇವರು ಮುಂಬೈಗೆ ಬಂದು ಮೊದಲು ವಿಕ್ಟೋರಿಯಾ ಗಾಡಿಗಳ ಕುದುರೆಗೆ ಕೆಲಸ ಮಾಡಿದರು. 2015ರಲ್ಲಿ ಹೈಕೋರ್ಟ್ ಆ ಗಾಡಿಗಳು ಕಾನೂನಿಗೆ ವಿರುದ್ಧ ಅಂತ ಹೇಳಿತಲ್ಲ, ಅದಕ್ಕೆ ಎಷ್ಟೋ ಮೊದಲೇ ಇವರು ರೇಸ್ ಕುದುರೆಗಳ ಲಾಯ ಸೇರಿಕೊಂಡಿದ್ದರು.

ಟೀ ಮುಗಿದ ಮೇಲೂ ಒಂದು ಗಂಟೆ ಅಲ್ಲೇ ನಿಂತೆವು. ಭಾವ ಎರಡು ಸಲ ಗಡಿಯಾರ ನೋಡಿದರು. ನಾನು ಕದಲಲಿಲ್ಲ.

"ಕಸರತ್ತಿಗಿ ಕಬ್ಬಿಣದ ನಾಲ. ರೇಸಿಗಿ ಅಲ್ಯುಮಿನಿಯಂ ನಾಲ. ಹಗುರ ಇರ್ತಾವ. ಕುದುರಿಗಿ ತನ್ನ ಕಾಲು ಹಗುರಾತು ಅಂತ ಗೊತ್ತಾಗತೈತಿ, ಕಿವಿ ನಿಮಿರಸತೈತಿ" ಅಂದರು. ಆಮೇಲೆ ಟೀ ಲೋಟ ತಿರುವಿ ಹಾಕಿ, ಅದರ ತಳವೇ ಗೊರಸು ಅನ್ನುವ ಹಾಗೆ ಬೆರಳಿನಿಂದ ತೋರಿಸಿದರು. ಅಂಚಿನ ಹೊರಗಿನ ಗೋಡೆಗೆ ಜೀವ ಇಲ್ಲ, ನಮ್ಮ ಉಗುರಿನ ತುದಿ ಇದ್ದ ಹಾಗೆ. ಮೊಳೆ ಆ ಗೋಡೆಯಲ್ಲೇ ಹತ್ತಿ ಹೊರಗೆ ಬರಬೇಕು. ಹೊರಗೆ ಬಂದ ತುದಿ ಕತ್ತರಿಸಿ, ಮಡಚಿ, ಅರ ಹಾಕಿ ನುಣ್ಣಗೆ ಮಾಡುತ್ತಾರೆ. ಗೋಡೆಯ ಒಳಗಡೆ ಒಂದು ಬಿಳಿ ಗೆರೆ. ಆ ಗೆರೆ ದಾಟಿದರೆ ಜೀವ ಇರುವ ಜಾಗ.

"ಮೊಳಿ ಹೊಡಿಯುವಾಗ ಸಪ್ಪಳ ಕೇಳಬೇಕ್ರಿ. ಸರಿ ಹೊಂಟಿದ್ರ ಟಣ್ ಅಂತೈತಿ. ಒಳಗ ಹೊಂಟ್ರ ಸಪ್ಪಳ ಮೆತ್ತಗಾಗತೈತಿ. ಆವಾಗ ಕೈ ನಿಂದ್ರಬೇಕು. ಇಲ್ಲಂದ್ರ ಮುಂಜಾನಿ ಕುದುರಿ ಕುಂಟತೈತಿ. ನಾಕು ವರ್ಷದ ದುಡಿಮಿ ಒಂದ್ ಮೊಳಿಯಾಗ ಹೋತು."

ನಾಕು ವರ್ಷ ಅಂದದ್ದು ಸುಮ್ನೆ ಅಲ್ಲ. ಇಂಡಿಯನ್ ಡರ್ಬಿ ನಾಲ್ಕು ವರ್ಷದ ಕುದುರೆಗಳಿಗೆ ಮಾತ್ರ. ಇಂಗ್ಲೆಂಡಿನ ಡರ್ಬಿ ಮೂರು ವರ್ಷದವಕ್ಕೆ. ಇಲ್ಲಿ ಒಂದು ವರ್ಷ ಜಾಸ್ತಿ. ಒಂದು ಕುದುರೆಗೆ ಬದುಕಿನಲ್ಲಿ ಒಂದೇ ಡರ್ಬಿ. ಆ ವರ್ಷ ಕಾಲು ನೋವಾದರೆ ಮುಗಿಯಿತು, ಮುಂದಿನ ಸಲ ಅನ್ನುವುದೇ ಇಲ್ಲ.

ಅವರು ಬಾಜಿ ಕಟ್ಟುವುದಿಲ್ಲವಂತೆ. ಡರ್ಬಿಯ ದಿನ ಬೆಳಗ್ಗೆ ಸ್ನಾನ ಮಾಡಿ ಹಾಜಿ ಅಲಿಗೆ ಹೋಗಿ ಬರುತ್ತಾರೆ. ಅವರ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ರಾಜಸ್ಥಾನದ ಸಯೀಸ್ ಮಹಾಲಕ್ಷ್ಮಿ ಗುಡಿಗೆ ಹೋಗಿ ಹೂವು ತರುತ್ತಾನೆ. ಎರಡೂ ಕಡೆಯ ಪ್ರಸಾದ ಒಂದೇ ತಟ್ಟೆಯಲ್ಲಿ ಹಂಚುತ್ತಾರೆ. ಗೆದ್ದರೆ ಲಾಯಕ್ಕೆಲ್ಲ ಸಿಹಿ, ಬಕ್ಷೀಸು. ಸೋತರೂ ಕುದುರೆಗೆ ಅವತ್ತು ಗಜ್ಜರಿ, ಬೆಲ್ಲ ತಪ್ಪುವುದಿಲ್ಲ.

"ನಾಳೆ ಓಡೋ ಕುದುರೆಯಲ್ಲಿ ನಿಮ್ಮ ನಾಲ ಯಾವುದಕ್ಕಿದೆ ಚಾಚಾ?"

"ಮೂರಕ್ಕೈತಿ. ಯಾವ್ದು ಗೆಲ್ಲತೈತಿ ಅಂತ ಮಾತ್ರ ಕೇಳಬ್ಯಾಡ್ರಿ" ಅಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ಅದ್ರಾಗ ಒಂದು ಹೆಣ್ಣು ಐತಿ. ಹಿಂದಿನ ಬಲಗಾಲು ಬಿಳಿ ಗೊರಸು. ಗ್ವಾಡಿ ಭಾಳ ತೆಳುವು. ಮೊಳಿ ಹಿಡಿಯಾಕ ಜಾಗಾನ ಇಲ್ಲ. ನಿನ್ನಿ ರಾತ್ರಿ ನಿದ್ದಿ ಬರ್ಲಿಲ್ಲ ನನಗ" ಅಂದರು.

ಹೊರಡುವಾಗ ಚೀಲದಿಂದ ಸವೆದ ಒಂದು ಕಬ್ಬಿಣದ ನಾಲ ತೆಗೆದು ಪೇಪರಿನಲ್ಲಿ ಸುತ್ತಿ ಕೊಟ್ಟರು. ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ತಗೊಂಡರು. ಹೊಸ್ತಿಲಿಗೆ ಹೊಡೆಯಲು, ಶನಿ ಕಾಟಕ್ಕೆ, ಜನ ಅವರ ಹತ್ತಿರ ಹಳೇ ನಾಲ ಕೇಳುತ್ತಲೇ ಇರುತ್ತಾರಂತೆ. "ಡರ್ಬಿ ಗೆದ್ದ ಕುದುರೀದು ಅಲ್ಯುಮಿನಿಯಂ ಕೊಟ್ರ ಬ್ಯಾಡಂತಾರ. ಶನಿದೇವ್ರಿಗಿ ಕಬ್ಬಿಣಾನ ಬೇಕಂತ."

ಭಾನುವಾರದ ಬಗ್ಗೆ ಹೇಳುವ ಮುಂಚೆ ಒಂದು ಮಾತು. ಟಿಕೆಟ್ಟನ್ನು ಕೌಂಟರಿನಲ್ಲೇ ತಗೊಳ್ಳಿ, ಬೇರೆ ಎಲ್ಲೂ ಬೇಡ. ಫೆಬ್ರವರಿಯ ಮೊದಲ ಭಾನುವಾರ ಆ ರಸ್ತೆ ಜಾತ್ರೆಯ ಹಾಗಿರುತ್ತದೆ. ಸ್ಟೇಷನ್ನಿನಿಂದಲೇ 'ಕೋಲ್, ಕೋಲ್' ಅಂತ ರೇಸ್ ಪುಸ್ತಕ ಮಾರುವವರು, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಅದನ್ನು ಓದುತ್ತಾ ನಡೆಯುವವರು. ಆ ಗಲಾಟೆಯಲ್ಲಿ ಒಬ್ಬ ಬಂದು ಒಳ್ಳೇ ಸ್ಟ್ಯಾಂಡಿನ ಪಾಸ್ ಇದೆ, ಸಾಲಿನಲ್ಲಿ ನಿಲ್ಲುವುದು ಬೇಡ ಅಂದ. ಭಾವ ಬೇಡ ಅಂದರೂ ನಾನೇ ಜಾಸ್ತಿ ದುಡ್ಡು ಕೊಟ್ಟು ಎರಡು ತಗೊಂಡೆ. ಗೇಟಿನಲ್ಲಿ ಅದು ನಡೆಯಲಿಲ್ಲ. ಮತ್ತೆ ಸಾಲಿನಲ್ಲಿ ನಿಂತು, ಟಿಕೆಟ್ ತಗೊಂಡು ಒಳಗೆ ಹೋಗುವಷ್ಟರಲ್ಲಿ ಎರಡು ರೇಸ್ ಮುಗಿದಿದ್ದವು. ದುಡ್ಡಿಗಿಂತ ಆ ಎರಡು ರೇಸ್ ಹೋದದ್ದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಒಳಗೆ ಹಬ್ಬ. ಹಳೇ ಕಾಲದ ಸ್ಟ್ಯಾಂಡು, ಅದರ ಕಂಬಗಳು, ಮೇಲಿನ ಮಾಡು, ಎಲ್ಲ ಬಹಳ ಚಂದ. ದೊಡ್ಡ ಟೋಪಿ ಹಾಕಿದ ಹೆಂಗಸರು, ಸೂಟು ಹಾಕಿದ ಗಂಡಸರು, ಫೋಟೋದವರು. ನನಗೆ ಇಷ್ಟವಾದವರು ವಯಸ್ಸಾದ ಪಾರ್ಸಿ ದಂಪತಿ. ಆಕೆ ಪಾರ್ಸಿ ಕಸೂತಿಯ ಗಾರಾ ಸೀರೆ ಉಟ್ಟಿದ್ದರು, ಗಂಡನಿಗೆ ಬೈನಾಕ್ಯುಲರ್ ಒರೆಸಿ ಕೊಡುತ್ತಿದ್ದರು. ರೇಸಿನ ನಡುನಡುವೆ ಹಾಕುತ್ತಿದ್ದ ಜೋರು ಹಾಡು ಮಾತ್ರ ನನಗೆ ಹಿಡಿಸಲಿಲ್ಲ. ಕುದುರೆಗೆ ಅದು ಬೇಕಾ ಅನಿಸಿತು.

ಭಾವನಿಗೆ ಹಳೇ ಕಥೆಗಳೆಲ್ಲ ಗೊತ್ತು. 1943ರಲ್ಲಿ ಮೊದಲ ಡರ್ಬಿ ಗೆದ್ದದ್ದು ಒಂದು ಹೆಣ್ಣು ಕುದುರೆ. ಬರೋಡಾ ಮಹಾರಾಜರ ಪ್ರಿನ್ಸೆಸ್ ಬ್ಯೂಟಿಫುಲ್. ಪೆಸಿ ಶ್ರಾಫ್ ಅನ್ನುವ ಜಾಕಿ ಎಂಟು ಸಲ ಈ ಡರ್ಬಿ ಗೆದ್ದರು, ಆಮೇಲೆ ಟ್ರೇನರ್ ಆಗಿಯೂ ಗೆದ್ದರು. ಭಾವ ಇದನ್ನೆಲ್ಲ ಹೇಳುತ್ತಿದ್ದರೆ ನನ್ನ ತಲೆಯಲ್ಲಿ ಒಂದೇ ಒಂದು, ಬಿಳಿ ಗೊರಸು.

ಡರ್ಬಿಗೆ ಮುಂಚೆ ಕುದುರೆಗಳನ್ನು ಪ್ಯಾಡಕ್ಕಿನಲ್ಲಿ ಸುತ್ತು ಹಾಕಿಸುತ್ತಾರೆ. ಎಲ್ಲರೂ ಕುದುರೆಯ ಮುಖ, ಎದೆ, ತೊಡೆ ನೋಡುತ್ತಿದ್ದರು. ನಾನು ಬೇಲಿ ಪಕ್ಕ ಬಗ್ಗಿ ಕಾಲು ನೋಡಿದೆ. ಕಪ್ಪು, ಕಪ್ಪು, ಕಪ್ಪು. ಆಮೇಲೆ ಬಂದಳು. ಕೆಂದು ಬಣ್ಣ, ಹಿಂದಿನ ಬಲಗಾಲಿನಲ್ಲಿ ಬಿಳಿ ಕಾಲುಚೀಲ, ಅದರ ಕೆಳಗೆ ಹಳೇ ದಂತದ ಬಣ್ಣದ ಗೊರಸು. ಎಣ್ಣೆ ಸವರಿದ್ದರು. ಹತ್ತಿರ ಬಂದಾಗ ಗೊರಸಿನ ಗೋಡೆಯ ಮೇಲೆ ಮಡಚಿದ ಮೊಳೆಗಳು ಕಂಡವು. ಬೆಳ್ಳಿ ಚುಕ್ಕಿ ಇಟ್ಟ ಹಾಗೆ, ಒಂದೇ ಸಾಲಿನಲ್ಲಿ. ಹೆಜ್ಜೆ ಎತ್ತಿದಾಗ ಕೆಳಗೆ ಹೊಸ ಅಲ್ಯುಮಿನಿಯಂ ಹೊಳೆಯಿತು. ನಿದ್ದೆ ಬಾರದ ಆ ಮುದುಕರ ಕೈಕೆಲಸ ಅದು. ನನ್ನ ಕಣ್ಣು ತುಂಬಿ ಬಂತು.

2400 ಮೀಟರ್. ಓಡಲು ಹೆಚ್ಚುಕಡಿಮೆ ಎರಡೂವರೆ ನಿಮಿಷ. ಗೇಟು ತೆರೆಯುತ್ತಿದ್ದ ಹಾಗೆ ಇಡೀ ಸ್ಟ್ಯಾಂಡು ಒಂದು ಗಂಟಲಾಯಿತು. ಅಲ್ಲಿ ಯಾರೂ ಕುದುರೆಯ ಹೆಸರು ಕೂಗುವುದಿಲ್ಲ, ನಂಬರ್ ಕೂಗುತ್ತಾರೆ. ದೂರದ ತಿರುವಿನಲ್ಲಿ ಬಣ್ಣಬಣ್ಣದ ಅಂಗಿಗಳು ಮಾತ್ರ ಕಾಣುತ್ತವೆ, ಸದ್ದಿಲ್ಲ. ಕೊನೆಯ ನೇರಕ್ಕೆ ತಿರುಗಿದ ಮೇಲೆ ಸದ್ದು ಬರುತ್ತದೆ. ಅದು ಕಿವಿಗಿಂತ ಮುಂಚೆ ಅಂಗಾಲಿಗೆ ಗೊತ್ತಾಗುತ್ತದೆ. ನಮ್ಮ ಹೆಣ್ಣು ಮಧ್ಯದಲ್ಲಿತ್ತು. ಒಂದು ಕ್ಷಣ ಹೊರಗಡೆಯಿಂದ ಮುಂದೆ ಬಂತು. ನಾನೂ ನಂಬರ್ ಕೂಗಿದೆ. ಭಾವ ನನ್ನ ಭುಜ ಹಿಡಿದುಕೊಂಡಿದ್ದರು. ಕೊನೆಗೆ ಐದನೆಯದಾಗಿ ಬಂತು.

ಗೆದ್ದ ಕುದುರೆಯ ಸುತ್ತ ಜನ ಮುತ್ತಿಕೊಂಡರು. ಮಾಲೀಕರು ಲಗಾಮು ಹಿಡಿದು ನಡೆಸಿಕೊಂಡು ಬಂದರು, ಚಪ್ಪಾಳೆ, ಬೊಕೆ, ಫೋಟೋ. ನಾನು ಮಾತ್ರ ಇನ್ನೊಂದು ಕಡೆ ನೋಡುತ್ತಿದ್ದೆ. ಕೆಂದು ಕುದುರೆಯ ಸಯೀಸ್ ಓಡಿ ಬಂದು ಅದರ ಹಣೆಗೆ ಹಣೆ ಇಟ್ಟ. ನೀರು ಸುರಿದ. ಆಮೇಲೆ ಕೂತು ಒಂದೊಂದೇ ಕಾಲು ಎತ್ತಿ ನೋಡಿದ. ಕೊನೆಗೆ ಹಿಂದಿನ ಬಲಗಾಲು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೆಬ್ಬೆರಳಿನಿಂದ ಮೊಳೆಗಳ ಮೇಲೆ ಸವರಿ, ದೂರದಲ್ಲಿ ನಿಂತ ಯಾರಿಗೋ ಕೈ ಎತ್ತಿ ತೋರಿಸಿದ. ನಾಲ್ಕೂ ನಾಲ ಇವೆ ಅನ್ನುವ ಹಾಗೆ. ಯಾರಿಗೆ ತೋರಿಸಿದ ಅಂತ ನಾನು ಹಿಂತಿರುಗಿ ನೋಡಬೇಕಾಗಿರಲಿಲ್ಲ. ಆದರೂ ನೋಡಿದೆ. ಜನರ ಮಧ್ಯೆ ಬಿಳಿ ಗಡ್ಡ ಕಾಣಲಿಲ್ಲ.

ಮರುದಿನ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ಊರಿಗೆ ಬಂದು ನಾಲ ತೋರಿಸಿದರೆ ಅಮ್ಮ ಅರಿಶಿನ ಕುಂಕುಮ ಹಚ್ಚಿದರು. ಹೊಸ್ತಿಲಿಗೆ ಹೊಡೆಯುವಾಗ ತುದಿ ಮೇಲೆ ಇರಬೇಕಾ, ಕೆಳಗಾ ಅಂತ ಮನೆಯಲ್ಲಿ ಚರ್ಚೆ ಶುರುವಾಯಿತು. ಚಾಚಾಗೇ ಫೋನ್ ಮಾಡಿದೆ. ಹೆಣ್ಣು ಕುದುರೆಯ ಬಗ್ಗೆ ಕೇಳಿದೆ, ಚೆನ್ನಾಗಿದೆ, ಗಜ್ಜರಿ ತಿಂದುಕೊಂಡು ಆರಾಮಾಗಿದೆ ಅಂದರು. ನಾಲದ ಪ್ರಶ್ನೆಗೆ "ಹೆಂಗರೆ ಹೊಡೀರಿ, ಗಟ್ಟಿ ಹೊಡೀರಿ" ಅಂದರು. ಹಿಂದೆ ಯಾವುದೋ ಕುದುರೆ ಕೆನೆಯುತ್ತಿತ್ತು.

"ಎರಡು ವರ್ಷದ್ದು ಒಂದು ಹೊಸಾದು ಬಂದೈತ್ರಿ. ಇವತ್ತ ಮೊದಲನೇ ನಾಲ. ಕಾಲ ಕೊಡವಲ್ದು, ತಾಸ್ ಆತು. ಇಡ್ತೀನಿ" ಅಂದರು.

"ಹೆಸರೇನು ಚಾಚಾ ಅದರದ್ದು?"

"ಇನ್ನಾ ಇಟ್ಟಿಲ್ಲ" ಅಂದು ಫೋನನ್ನು ಎಲ್ಲೋ ಇಟ್ಟರು, ಕಟ್ ಮಾಡಲು ಮರೆತರು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಟಣ್ ಅಂತು.