ಅಮ್ಮ ಕೇಳಿದ್ದು ತಮಾಷೆಗಲ್ಲ

ಗುರುವಾರ ಬುದ್ಧಿ ಹಲ್ಲು ಕೀಳಿಸ್ಕೊಂಡೆ. ಕೆನ್ನೆ ಇನ್ನೂ ಊದ್ಕೊಂಡಿದೆ, ಮೂರು ದಿನದಿಂದ ಗಂಜಿ ಮಜ್ಜಿಗೆಲೇ ಕಾಲ ಹಾಕ್ತಿದೀನಿ, ಆದ್ರೆ ತಲೇಲಿ ಕೂತಿರೋದು ನೋವಲ್ಲ, ಅಮ್ಮ ಕೇಳಿದ ಒಂದು ಮಾತು.

ಅವತ್ತೇ ಅದೇ ಡೆಂಟಲ್ ಕಾಲೇಜಲ್ಲಿ ಅಮ್ಮಂದೂ ವಸಡಿನ ಡೀಪ್ ಕ್ಲೀನಿಂಗ್ ಇತ್ತು, ಬಲಗಡೆ ಮುಗಿಸ್ಕೊಂಡು ನನ್ನ ಹತ್ರ ಬಂದು ನಿಂತಿದ್ಲು, ಜೊತೆಗೆ ಅವಳಿಗೆ ಚಿಕಿತ್ಸೆ ಕೊಡ್ತಿರೋ, ಅಲ್ಲೇ ಪಿಜಿ ಓದ್ತಿರೋ ಡಾಕ್ಟರ್ ಹುಡುಗಿ. ಒಳ್ಳೆ ಹುಡುಗಿ, ಕೇಳಿದ್ದಕ್ಕೆಲ್ಲ ಬೇಜಾರಿಲ್ದೆ ಉತ್ತರ ಕೊಡ್ತಾಳೆ. ಟ್ರೇಲಿದ್ದ ನನ್ನ ಹಲ್ಲನ್ನ ಎತ್ತಿ ಲೈಟಿಗೆ ಹಿಡಿದು, ಬೇರಿಗೆ ಅಂಟಿದ್ದ ಕೆಂಪು ಎಳೆ ತೋರಿಸಿ, "ನೋಡಿ ಅಮ್ಮ, ನಿಮಗೆ ಹಾಳಾಗಿರೋದು ಇದೇ, ಇದರಲ್ಲಿ ಸ್ಟೆಮ್ ಸೆಲ್ ಇರತ್ತೆ, ಅಂದ್ರೆ ಹೊಸದಾಗಿ ಬೆಳೆಸಬಲ್ಲ ಮೂಲ ಜೀವಕೋಶ" ಅಂದ್ಲು.

"ಹಾಗಾದ್ರೆ ಅದನ್ನ ನನಗೆ ಹಾಕ್ಬಿಡಿ ಡಾಕ್ಟ್ರಮ್ಮ, ಮಗಂದೇ ತಾನೆ?"

ಎಲ್ರೂ ನಕ್ರು. ಹತ್ತಿ ಕಚ್ಕೊಂಡೇ ನಾನೂ ನಕ್ಕೆ. ಪಕ್ಕದಲ್ಲಿದ್ದ ದೊಡ್ಡ ಡಾಕ್ಟ್ರು ಫೋನಿಂದ ತಲೆ ಎತ್ತದೆ "ಮೊದ್ಲು ಶುಗರ್ ಕಂಟ್ರೋಲ್ ಮಾಡಮ್ಮ" ಅಂದ್ರು. ಅವರು ಹೇಳಿದ್ದು ಸರಿನೇ, ಶುಗರ್ ಜಾಸ್ತಿ ಇದ್ರೆ ವಸಡು ಬೇಗ ಹಾಳಾಗತ್ತೆ, ಆದ್ರೆ ಹೇಳೋದಕ್ಕೂ ಒಂದು ರೀತಿ ಬೇಡ್ವಾ. ಹಲ್ಲು ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಬಿತ್ತು. ಅಮ್ಮ ನಗಲಿಲ್ಲ, ಚೀಲದ ಕಡೆನೇ ನೋಡ್ತಿದ್ಲು.

ರಾತ್ರಿ ನಿದ್ದೆ ಬರ್ದೆ ಓದ್ತಾ ಕೂತೆ. ನಮ್ಮ ಹಲ್ಲು ಗೋಡೆಗೆ ಮೊಳೆ ಹೊಡೆದ ಹಾಗೆ ಮೂಳೇಲಿ ನಾಟ್ಕೊಂಡಿರಲ್ಲ, ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ನಾರಿನ ಪದರ ಇದ್ಯಂತೆ, ಅದರಲ್ಲೇ ತೊಟ್ಟಿಲಿನ ಥರ ತೂಗಾಡ್ಕೊಂಡಿರತ್ತೆ. ಅಮ್ಮನಿಗೆ ಹೋಗಿರೋದು ಆ ನಾರು, ಸುತ್ತಲಿನ ಮೂಳೆ. ಹಲ್ಲುಗಳು ಒಂದೂ ಹುಳುಕಿಲ್ಲ, ಹಾಗೇ ಅಲ್ಲಾಡ್ತವೆ! ಕ್ಲೀನ್ ಮಾಡಿದ್ರೂ ನಾರು ತಾನಾಗೇ ಯಾಕೆ ಬೆಳೆಯಲ್ಲ ಅಂದ್ರೆ, ಅದಕ್ಕಿಂತ ಮುಂಚೆ ವಸಡಿನ ಚರ್ಮ ಬೇರಿನುದ್ದಕ್ಕೂ ಇಳಿದು ಜಾಗ ಹಿಡ್ಕೊಳತ್ತೆ, ಪೈರಿಗಿಂತ ಮುಂಚೆ ಕಳೆ ಎದ್ದ ಹಾಗೆ.

ಆ ನಾರಲ್ಲಿ ಸ್ಟೆಮ್ ಸೆಲ್ ಇದೆ ಅಂತ 2004ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು, ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನವರು ತೆಗೆದಿದ್ದು ಯಾವುದರಿಂದ, ಕಿತ್ತ ಬುದ್ಧಿ ಹಲ್ಲಿಂದಲೇ. ಟೋಕಿಯೋದಲ್ಲಿ 10 ಜನಕ್ಕೆ ಅವರವರದೇ ಹಲ್ಲಿನ ನಾರಿನ ಸೆಲ್ ಬೆಳೆಸಿ, ತೆಳ್ಳಗೆ ಹಾಳೆ ಮಾಡಿ, ಬೇರಿಗೆ ಹೊದಿಸಿದ್ರು, ಮೂಳೆ ಬಂತು. ಬೀಜಿಂಗಲ್ಲಿ ಇನ್ನೂ ಮುಂದೆ ಹೋಗಿ ಬೇರೆಯವರ ಹಲ್ಲಿನ ತಿರುಳಿನ ಸೆಲ್ಲನ್ನ ರೋಗಿಗಳ ವಸಡಿಗೆ ಇಂಜೆಕ್ಟ್ ಮಾಡಿ ನೋಡಿದಾರೆ. ಬೇರೆಯವರದು! ಅಂದ್ರೆ ಅಮ್ಮ ಕೇಳಿದ್ದು ಅದೇ ತಾನೆ. ಎಸ್ಸೆಸ್ಸೆಲ್ಸಿ ಮುಗಿಸದ ಹೆಂಗಸು ಎರಡು ಸೆಕೆಂಡಲ್ಲಿ ಕೇಳಿದ ಪ್ರಶ್ನೆಗೆ ಬಿಳಿ ಕೋಟು ಹಾಕ್ಕೊಂಡವರೆಲ್ಲ ನಕ್ಕಿದ್ದು ಯಾಕೆ, ಅವರು ಬಿಡಿ, ನಾನ್ಯಾಕೆ ನಕ್ಕೆ.

ಹಾಗಂತ ನಾಳೆನೇ ಮಾಡಿಸ್ಬೋದು ಅಂತೇನಲ್ಲ. ಚೀನಾದ ಶಿಯಾನ್‌ನಲ್ಲಿ 30 ಜನರ ಮೇಲೆ ಮಾಡಿದ ಟ್ರಯಲ್ 2016ರಲ್ಲಿ ಬಂತು, ಸೆಲ್ ಹಾಕಿದವರಿಗೂ ಬರೀ ಮೂಳೆ ಪುಡಿ ಹಾಕಿದವರಿಗೂ ಹೇಳ್ಕೊಳೋ ವ್ಯತ್ಯಾಸ ಕಾಣಲಿಲ್ಲ. ಈ ಮಧ್ಯೆ ನಮ್ಮ ಮಾವನ ಮಗ, ಎಲ್ಲಾ ಗೊತ್ತಿರೋ ಆಸಾಮಿ, "ಹಲ್ಲನ್ನ ಸ್ಟೆಮ್ ಸೆಲ್ ಬ್ಯಾಂಕಲ್ಲಿ ಇಡ್ಬೇಕಿತ್ತು ಕಣೋ, ದಡ್ಡ" ಅಂತ ವಾಟ್ಸಾಪ್ ಮಾಡ್ದ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರ ಗೈಡ್‌ಲೈನ್ಸ್ ಪ್ರಕಾರ ಹೊಕ್ಕುಳಬಳ್ಳಿ ರಕ್ತ ಬಿಟ್ರೆ ಬೇರೆ ಯಾವುದನ್ನೂ ದುಡ್ಡಿಗೆ ಬ್ಯಾಂಕ್ ಮಾಡೋ ಹಾಗಿಲ್ಲ ಅಂತ ಕಳಿಸ್ದೆ, ಬ್ಲೂ ಟಿಕ್ ಬಂತು, ಉತ್ತರ ಬರಲಿಲ್ಲ.

ಇವತ್ತು ಬೆಳಗ್ಗೆ ಅಮ್ಮನಿಗೆ ಇದೆಲ್ಲ ಹೇಳ್ದೆ. ಅವಳು ಕುಟ್ಟಾಣಿಲಿ ಎಲೆಅಡಿಕೆ ಕುಟ್ತಾ ಇದ್ಲು (ಬಿಟ್ಟಿದೀನಿ ಅಂತ ಡಾಕ್ಟ್ರಿಗೆ ಹೇಳಿದಾಳೆ), ಟೋಕಿಯೋ ಬೀಜಿಂಗ್ ಎಲ್ಲಾ ಪೂರ್ತಿ ಕೇಳಿಸ್ಕೊಂಡ್ಲು.

"ಮಂಗಳವಾರ ಎಡಗಡೆ ಕ್ಲೀನಿಂಗ್ ಇದ್ಯಲ್ಲ, ಅವತ್ತು ಮತ್ತೆ ಕೇಳ್ತೀನಿ. ನೀನು ನಗಬೇಡ ಅಷ್ಟೆ."