ಇಳಿಜಾರು ನೆಲದ ಮೇಷ್ಟ್ರು

ನಮ್ಮ ಬ್ಯಾಲೆ ಮೇಷ್ಟ್ರು ತೀರಿಕೊಂಡರೆಂಬ ಸುದ್ದಿಯ ಬೆನ್ನಿಗೇ ಅವರ ಬಗ್ಗೆ ನಾಲ್ಕು ಸಾಲು ಬರೆದುಕೊಡಿ ಎಂಬ ಸಂಪಾದಕರ ಕೋರಿಕೆಯೂ ಬಂತು. ರಷ್ಯಾದ ಪೀಟರ್ಸ್‌ಬರ್ಗ್‌ನ ಆ ಬ್ಯಾಲೆ ಶಾಲೆಯಲ್ಲಿ ನಾವು ರಂಗಭೂಮಿಯ ಇತಿಹಾಸ, ಫ್ರೆಂಚ್, ಪಿಯಾನೊ ಎಲ್ಲವನ್ನೂ ಕಲಿತಿದ್ದೇವೆ, ಅಂಕಪಟ್ಟಿ ಹಾಗೆನ್ನುತ್ತದೆ. ನನಗೆ ನೆನಪಿರುವುದು ಮೇಷ್ಟ್ರು ಮತ್ತು ನೆಲ.

ಆ ಊರಿನ ಬ್ಯಾಲೆಯ ಮನೆಯಾದ ಮಾರಿನ್ಸ್ಕಿ ರಂಗಮಂದಿರದ ವೇದಿಕೆ ಪ್ರೇಕ್ಷಕರ ಕಡೆಗೆ ಇಳಿಜಾರಾಗಿದೆ. ನಮ್ಮ ಅಭ್ಯಾಸದ ಕೋಣೆಯ ಹಲಗೆಗಳನ್ನೂ ಹಾಗೆಯೇ ಹಾಸಿದ್ದರು. ಕಾಲು ಜಾರದಿರಲೆಂದು ತರಗತಿಗೆ ಮುಂಚೆ ನೀರು ಚಿಮುಕಿಸುವುದು ಹುಡುಗರ ಸರದಿಯ ಕೆಲಸ. ನನ್ನ ಸರದಿಯಲ್ಲಿ ಒಮ್ಮೆ, ಗಿಡಗಳಿಗೆ ನೀರುಣಿಸುವ ಡಬ್ಬಿಯಿಂದ ನೆಲದ ಮೇಲೆ ಮೇಷ್ಟ್ರ ಮುಖವನ್ನೇ ಬರೆದೆ: ಬೋಳು ತಲೆ, ಗಿಣಿಮೂಗು, ಎಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಅವರು. ಹತ್ತಿರ ಬಂದು, ತಲೆ ವಾರೆ ಮಾಡಿ ನೋಡಿ, ಡಬ್ಬಿ ಕಿತ್ತುಕೊಂಡು ಮೂಗನ್ನು ಇನ್ನೊಂದು ಗೇಣು ಉದ್ದ ಎಳೆದರು. ಆ ಚಿತ್ರ ಆರುವವರೆಗೂ ಇಡೀ ತರಗತಿ ಕಾಲು ಬೀಸುತ್ತಲೇ ಇರಬೇಕಾಯಿತು. ಪಿಯಾನೊ ನುಡಿಸುತ್ತಿದ್ದ ಹೆಂಗಸಿಗೆ ನಗು ತಡೆಯಲಾಗದೆ ಲಯ ತಪ್ಪಿತು, ಅವರನ್ನೂ ಗದರಿದರು.

ಕೆಲಕಾಲ ಅಲ್ಲಿಯೇ ನರ್ತಿಸಿ ತೊಂಬತ್ತರ ದಶಕದಲ್ಲಿ ನ್ಯೂಯಾರ್ಕ್ ಸೇರಿದೆ. ಅಲ್ಲಿನ ವೇದಿಕೆ ಸಮತಟ್ಟು. ಮುಂದಕ್ಕೆ ಜಾರದಂತೆ ಭಾರವನ್ನು ಹಿಂದೆ ಹಿಡಿದು ಬೆಳೆದ ಬೆನ್ನು ಪ್ರತಿ ಸುತ್ತಿಗೂ ಹಿಂದಕ್ಕೆ ವಾಲುತ್ತಿತ್ತು. ಸುತ್ತುವ ಮೊದಲು ನಾವು ಎರಡೂ ಮಂಡಿ ಬಗ್ಗಿಸುತ್ತಿದ್ದೆವು. ನ್ಯೂಯಾರ್ಕಿನ ಬ್ಯಾಲೆಯನ್ನು ರೂಪಿಸಿದ ನೃತ್ಯ ಸಂಯೋಜಕ ಬಲಾಂಚಿನ್‌ನ ಶೈಲಿಯವರು ಹಿಂಗಾಲನ್ನು ನೆಟ್ಟಗೆ ಚಾಚಿ, ಅಲ್ಲಿಂದಲೇ ತಿರುಗುತ್ತಿದ್ದರು. ನನ್ನ ಕಣ್ಣಿಗೆ ಅದು ಶುದ್ಧ ಅಪಚಾರ. ಸಂಬಳವೂ ವಾರದ ಲೆಕ್ಕದ್ದು, ಪ್ರದರ್ಶನದ ಋತು ಮುಗಿದರೆ ಕೈ ಖಾಲಿ. ಮೇಷ್ಟ್ರಿಗೆ ಉದ್ದನೆಯ ದೂರಿನ ಪತ್ರ ಬರೆದೆ. ಉತ್ತರ ಅರ್ಧ ಹಾಳೆ. ಬಲಾಂಚಿನ್ ಪೀಟರ್ಸ್‌ಬರ್ಗ್‌ನಲ್ಲೇ ಕಲಿತು 1924ರಲ್ಲಿ ದೇಶ ಬಿಟ್ಟವನು. ಎಳೆಯನಾಗಿದ್ದಾಗ ‘ನಟ್‌ಕ್ರ್ಯಾಕರ್’ ಬ್ಯಾಲೆಯಲ್ಲಿ ತಾನು ಕುಣಿದಿದ್ದ, ದೊಡ್ಡ ಬಳೆಯೊಳಗೆ ಹಾರುವ ನೃತ್ಯವನ್ನು 1954ರಲ್ಲಿ ನ್ಯೂಯಾರ್ಕಿನವರಿಗೆ ಕೊಟ್ಟವನು. “ನಮ್ಮ ಮನೆಯ ಹುಡುಗನೇ ಹೇಳಿಕೊಟ್ಟದ್ದು, ಬಾಯಿ ಮುಚ್ಚಿಕೊಂಡು ಕಲಿ” ಎಂದು ಮುಗಿಸಿದ್ದರು.

ಕಲಿತೆ. ಮುಂದೆ ನನ್ನ ಜಿಗಿತದ ಬಗ್ಗೆ ಪತ್ರಿಕೆಗಳು ಏನು ಬರೆದವು ಎಂಬುದನ್ನು ಇಲ್ಲಿ ಎತ್ತುವುದಿಲ್ಲ. ಬರೆದವು ಎಂದಷ್ಟೇ ಹೇಳುತ್ತೇನೆ.

ಈಗ ನನ್ನ ಬಳಿ ಬರುವ ಮಕ್ಕಳ ಕಾಲು ಕಿವಿಗೆ ತಾಗುವಷ್ಟು ಮೇಲೇಳುತ್ತದೆ, ನಮ್ಮದು ಎಂದೂ ಏಳಲಿಲ್ಲ. ಆದರೆ ಎಷ್ಟು ಸುತ್ತು ಹಾಕಿದೆ ಎಂದು ಮೊಬೈಲ್‌ನಲ್ಲಿ ನೋಡಿಕೊಳ್ಳುವ ಆತುರದಲ್ಲಿ ಸಂಗೀತ ಮುಗಿಯುವವರೆಗೂ ಕಾಯುವುದಿಲ್ಲ. ಹಳಬರ ಗೊಣಗಾಟ ಎನ್ನುತ್ತೀರೇನೋ, ಎನ್ನಿ.

ನಮ್ಮ ತಂಡ ಪೀಟರ್ಸ್‌ಬರ್ಗ್‌ಗೆ ಬಂದಾಗ ಮೇಷ್ಟ್ರು ನೋಡಲು ಬಂದಿದ್ದರು. ಚಪ್ಪಾಳೆ ಇನ್ನೂ ಕೇಳಿಸುತ್ತಿತ್ತು. ತೆರೆಯ ಹಿಂದೆ ನನ್ನನ್ನು ಹುಡುಕಿ, “ಎಡಗೈ ಸೋಮಾರಿ. ಬೆಳಿಗ್ಗೆ ತರಗತಿಗೆ ಬಾ” ಎಂದರು. ಹೋದೆ. ಚಿಕ್ಕ ಹುಡುಗರ ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು.