ಬೇಗೂರಿನ ಕಲ್ಲಿನ ಮುಂದೆ

ಭಾನುವಾರ ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋಗಿದ್ದೆ. ‘ಬೆಂಗಳೂರು ಕಾಳಗ’ದ ಮಾತು ಬರುವ ಶಾಸನ ಇರುವುದು ಅಲ್ಲೇ. ಸುಮಾರು ಕ್ರಿ.ಶ. 900ರದ್ದು. ಕೆಂಪೇಗೌಡರಿಗಿಂತ ಆರು ಶತಮಾನ ಹಿಂದೆಯೇ ಈ ಹೆಸರು ಜನರ ಬಾಯಲ್ಲಿತ್ತು ಅಂದರೆ ಮೈ ಜುಮ್ ಅನ್ನುತ್ತದೆ, ಅಲ್ವಾ? ಆದರೆ ನೆತ್ತಿ ಮೇಲಿನ ಬಿಸಿಲಿಗೆ ಅಕ್ಷರಗಳು ಸರಿಯಾಗಿ ಕಾಣಲಿಲ್ಲ.

ರಾತ್ರಿ ಮನೆಯಲ್ಲಿ ಹೆಬ್ಬಾಳದ ಕಿತ್ತಯ್ಯ ಎಂಬ ವೀರನ ನೆನಪಿನ ಶಾಸನದ ಕಲ್ಲಿನ ತ್ರೀಡಿ ಸ್ಕ್ಯಾನ್ ನೋಡುತ್ತಾ ಕೂತೆ. ಅದು ಇನ್ನೂ ಹಳೆಯದು, ಸುಮಾರು 750ರದ್ದು. ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಮುತ್ತಲಿನ ಶಾಸನಗಳನ್ನೆಲ್ಲ ಹೀಗೆ ಸ್ಕ್ಯಾನ್ ಮಾಡುತ್ತಿದ್ದಾರೆ. ಕಂಪ್ಯೂಟರ್ ಪರದೆಯ ಮೇಲೆ ಕಲ್ಲಿನ ಬಣ್ಣ, ಕಲೆ ಎಲ್ಲ ತೆಗೆದು ಪಕ್ಕದಿಂದ ಬೆಳಕು ಬಿಟ್ಟರೆ, ಸವೆದ ಗೀರಿಗೂ ಒಂದು ನೆರಳು ಬೀಳುತ್ತದೆ. ಅಕ್ಷರ ಎದ್ದು ಬರುತ್ತದೆ. ಮೊದಲೆಲ್ಲ ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಿದ್ದರು. ಆ ಕೈಕೆಲಸದ ಮೇಲೆ ನನಗೆ ಇವತ್ತಿಗೂ ತುಂಬಾ ಗೌರವ. ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ 1905ರ ಬೆಂಗಳೂರು ಸಂಪುಟದಲ್ಲಿರುವ ಎಷ್ಟೋ ಕಲ್ಲುಗಳು ಈಗ ಇಲ್ಲವೇ ಇಲ್ಲ. ರಸ್ತೆ, ಲೇಔಟ್‌ಗಳ ಅಡಿ ಹೋದವು. ಅದು ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಅತ್ತ ಇಟಲಿಯಲ್ಲಿ ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸುಟ್ಟು ಇದ್ದಿಲಾದ ಬರಹದ ಸುರುಳಿಯೊಂದರಿಂದ 2023ರಲ್ಲಿ ಒಂದು ಪದ ಓದಿದರು. ಸುರುಳಿ ಬಿಚ್ಚದೆಯೇ, ಎಕ್ಸ್‌ರೇ ಸ್ಕ್ಯಾನ್ ಮತ್ತು ಕಂಪ್ಯೂಟರ್ ಸಹಾಯದಿಂದ. ಆ ಪದದ ಅರ್ಥ ‘ನೇರಳೆ ಬಣ್ಣ’.

ಮುಂದಿನ ವಾರ ಅಮ್ಮನನ್ನೂ ಬೇಗೂರಿಗೆ ಕರೆದುಕೊಂಡು ಹೋಗುತ್ತೇನೆ. ಸಂಜೆ ಹೊತ್ತಿಗೆ, ಓರೆ ಬಿಸಿಲಿನಲ್ಲಿ.